ಹದಿನಾಲ್ಕನೆಯ ಪೋಸ್ಟು

ಬೈಗಳು ಓದಿದರೆ ನನಗೆ ನಗು ಬರುತ್ತದೆ, ಎದೆ ಕಲ್ಲಾಗಿದೆಯೋ ಏನೋ ಎಂದು ಶ್ರಾವಣಿ ಡೈರಿಯಲ್ಲಿ ಬರೆದುಕೊಂಡಳು. ಯಾರಾದರೂ ಕಂಡಾರೆಂದು ಬರೆದದ್ದರ ಮೇಲೆ ಕೈ ಮುಚ್ಚಿದಳು. ಮನೆಯಲ್ಲಿದ್ದದ್ದು ಓದು ಬಾರದ ಅಜ್ಜಿ ಪಂಪಮ್ಮ ಒಬ್ಬಳೇ.

ಡಿಗ್ರಿ ಮುಗಿಸಿದವಳಿಗೆ ರಾಯದುರ್ಗದ ಮನೆಯಲ್ಲೇ ಕೂತು ಮಾಡುವ ಕೆಲಸ ಸಿಕ್ಕಿ ಎಂಟು ದಿನವಾಗಿತ್ತು. ಜನ ಮೊಬೈಲಿನಲ್ಲಿ ಹಾಕುವ ಕನ್ನಡ, ತೆಲುಗು ಪೋಸ್ಟುಗಳನ್ನು ಓದಬೇಕು. ಬರೀ ಸಿಟ್ಟಾದರೆ ಹಸಿರು. ಹಿಂಸೆಗೆ ಕರೆಯುವ ಉಗ್ರವಾದವಾದರೆ ಕೆಂಪು. ಕೆಂಪಾದದ್ದನ್ನು ಕಂಪನಿ ಅಳಿಸುತ್ತದೆ, ಹಸಿರಾದದ್ದು ಊರೂರು ತಿರುಗುತ್ತದೆ. 'ನಿನ್ನ ಕರುಳು ಕಿತ್ತು ಹಾರ ಹಾಕ್ತೀನಿ' ಎಂಬುದು ಕಂಡಾಗ, ಅಜ್ಜಿಯೇ ಕದ್ದು ಅಕೌಂಟು ತೆರೆದಿದ್ದಾಳೆನಿಸಿ ಬಾಯಿಗೆ ವೇಲು ತುರುಕಿಕೊಂಡಿದ್ದಳು.

ಬೆಳಗಿನ ವಿಡಿಯೋ ಮೀಟಿಂಗಿನಲ್ಲಿ ಮೇಲ್ವಿಚಾರಕ ರಮೇಶ್ ಆ ಹಾರಕ್ಕೆ ಕೆಂಪು ಬಳಿದು, ಅನುಮಾನದ ಪೋಸ್ಟುಗಳ ಪಟ್ಟಿಯಲ್ಲಿ ಹದಿನಾಲ್ಕನೆಯದನ್ನು ಓದಿದ: "ಬಂಧುಗಳೇ, ಆ ಕೇರಿಯ ಜನ ನಮ್ಮ ಊರಿನ ಕಳೆ. ಭಾನುವಾರ ಬೆಳಿಗ್ಗೆ ಬಾವಿ ಹತ್ತಿರ ಸೇರಿ. ಬೇರುಸಮೇತ ಸ್ವಚ್ಛ ಮಾಡೋಣ. ಎಳೆಯದು ಅಂತ ಬಿಡಬೇಡಿ. ವಂದನೆಗಳು."

"ಎಷ್ಟ್ ಮರ್ಯಾದಿಯಿಂದ ಬರದಾರ ನೋಡ್ರಿ! ಒಂದು ಕೆಟ್ಟ ಮಾತಿಲ್ಲ. ಹಸಿರು. ಯಾರದಾದ್ರೂ ತಕರಾರೈತೇನ್ರಿ?"

ಶ್ರಾವಣಿ ಎಂಟು ದಿನದಲ್ಲಿ ಒಮ್ಮೆಯೂ ಮುಟ್ಟದ ಮೈಕು ಒತ್ತಿದಳು. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಪಂಪಮ್ಮನ ದನಿ ಎದ್ದಿತು.

"ನಿನ್ ಮಾರಿ ಸುಡ್ಲಿ! ನೆನಿಹಾಕಿದ ಶೇಂಗಾ ತಿಂದಿ? ಬಾ ಇಲ್ಲಿ, ಚರ್ಮ ಸುಲಿದು ಬಾರಸೋ ಹಲಗಿಗೆ ಬಿಗೀತೀನಿ!"

ಪರದೆಯ ಹನ್ನೆರಡು ಮುಖಗಳೂ ಬಾಯ್ಬಿಟ್ಟವು. ರಮೇಶ್ ಕುರ್ಚಿ ಬಿಟ್ಟು ಎದ್ದ.

"ಶ್ರಾವಣಿ! ಯಾರ್ರೀ ಅದು? ಪೊಲೀಸ್ರಿಗೆ ಫೋನ್ ಹಚ್ಲೇನು?"

"ನಮ್ಮಜ್ಜಿ ಸಾರ್..."

"ಯಾರ ಚರ್ಮ ಸುಲೀತಾರ?"

"ಕುರಿದು ಸಾರ್. ಈಗ ಉಳಿದ ಶೇಂಗಾನೂ ಅದರ ಬಾಯಿಗೇ ಹಿಡದಾಳ."

ನಗೆ ಒಡೆಯಿತು. ಮಡಕಶಿರಾದ ಮಂಜುಳ ಕೂಗಿದಳು: "ನಮ್ಮವ್ವನೂ ಹಿಂಗೇ ಕಣ್ ಸಾರ್! ದಿನಕ್ ನಾಕ್ ಸಲ ನನ್ನ ಹೂತಾಕ್ತಾಳೆ, ಹೊತ್ತಿಗ್ ಸರಿಯಾಗಿ ಮುದ್ದೆ ಇಕ್ತಾಳೆ!"

"ಹಂಗಾರ ಕರುಳಿನ ಹಾರಾನೂ ಹಸಿರೇನ್ರಪ್ಪಾ?" ಎಂದು ರಮೇಶ್ ಕಣ್ಣೊರೆಸಿಕೊಂಡ. ಶ್ರಾವಣಿಯೂ ನಕ್ಕಳು, ಪಕ್ಕೆ ಹಿಡಿಯುವಷ್ಟು. ಅಷ್ಟರಲ್ಲಿ ಅವನು ಹದಿನೈದನೆಯದಕ್ಕೆ ಹೊರಟ.

"ಸಾರ್, ನಿಲ್ರಿ! ಹದಿನಾಲ್ಕು ಹಸಿರಲ್ಲ."

"ಯಾಕ್ರಿ? ಅದರಾಗ ಬೈಗಳೇ ಇಲ್ಲಲ್ಲ?"

"ಬೈಗಳಿಲ್ಲ ಸಾರ್, ದಿನ ಗೊತ್ತು ಮಾಡ್ಯಾರ. ಎಳೇದು ಅಂದ್ರ ಆ ಕೇರಿ ಮಕ್ಕಳು." ಅವಳು ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು. "ಅದನ್ನ ಓದಿ ನನಗ ಹೆದರಿಕಿ ಆತ್ರಿ."