ಜಗಳಗಂಟಿಯ ತಾಯಿ

ಕರ್ರ್, ಕರ್ರ್ ಎಂದು ಕಬ್ಬಿಣದ ಮೇಲೆ ಚಾಕು ಕೆರೆಯುವ ಸದ್ದು ಆ ಬೆಳಿಗ್ಗೆ ಬ್ರೆಡ್ ಅಂಗಡಿಯ ಮುಂದೆ ಸಾಲಾಗಿ ನಿಂತಿದ್ದವರ ಹಲ್ಲು ಜುಮ್ಮೆನ್ನಿಸಿತು. ಯಾರೂ ತಿರುಗಿ ನೋಡಲಿಲ್ಲ. ವೆಲಿಚ್ಕಾ ದೀಪದ ಕಂಬಕ್ಕೆ ಅಂಟಿಸಿದ್ದ ಹಾಳೆಯನ್ನು ಕಿತ್ತು ತೆಗೆಯುತ್ತಿದ್ದಾಳೆಂದು ನೋಡದೆಯೇ ಎಲ್ಲರಿಗೂ ಗೊತ್ತಿತ್ತು; ಹಾಳೆಯ ಮೇಲಿರುವುದು ಅವಳ ಮಗಳು ಇಸ್ಕ್ರಾಳ ಮುಖವೆಂಬುದೂ ಗೊತ್ತಿತ್ತು.

ಬಲ್ಗೇರಿಯದಲ್ಲಿ ನಾವು ನಮ್ಮ ಸತ್ತವರನ್ನು ಬೀದಿಯಲ್ಲೇ ಇಟ್ಟುಕೊಂಡಿರುತ್ತೇವೆ. ಮನೆಯ ಗೇಟು, ಬಸ್ ನಿಲ್ದಾಣ, ಚರ್ಚಿನ ಗೋಡೆ, ಎಲ್ಲೆಲ್ಲೂ ಅವರ ಫೋಟೋ, ಹೆಸರು, ಕೆಳಗೆ ನಾಲ್ಕು ಸಾಲಿನ ಪದ್ಯ. ವರ್ಷ ತಿರುಗಿದಾಗಲೆಲ್ಲ ಹೊಸ ಹಾಳೆ. ಆ ಮುಖಗಳ ನಡುವೆಯೇ ನಾವು ಹಾಲಿಗೆ ಹೋಗುತ್ತೇವೆ, ಈರುಳ್ಳಿಗೆ ಹೋಗುತ್ತೇವೆ. ಅವನ್ನು ಬಿಸಿಲೂ ಮಳೆಯೂ ಅಳಿಸಬಹುದು, ಮನುಷ್ಯರು ಮುಟ್ಟುವಂತಿಲ್ಲ. ಮುಟ್ಟಿದವಳೆಂದರೆ ವೆಲಿಚ್ಕಾ ಒಬ್ಬಳೇ.

ಮುಚ್ಚಿದ ಬಾಗಿಲನ್ನು ಭುಜದಿಂದ ತಳ್ಳಲು ಹೊರಟವಳಂತೆ ಮುಂದಕ್ಕೆ ಬಾಗಿ ನಡೆಯುವ ಹೆಂಗಸು ಅವಳು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತ ಕೊಡುತ್ತ ಬೆಳೆದ ಗಂಟಲು, ಪಿಸುಮಾತು ಆಡಿದರೂ ಎದುರು ಸಾಲಿಗೆ ಕೇಳುತ್ತದೆ. ಗಂಡ ತೀರಿಕೊಂಡಾಗ ಊರಿನ ಪದ್ಧತಿಯಂತೆ ಕಪ್ಪು ಉಟ್ಟಿದ್ದಳು. ಮಗಳು ಹತ್ತೊಂಬತ್ತಕ್ಕೆ ರಕ್ತದ ಕಾಯಿಲೆಯಿಂದ ಹೋದ ಮೇಲೆ ಮಾತ್ರ ಕಪ್ಪನ್ನು ಬಿಸುಟು, ಅವಳ ಕಿತ್ತಳೆ ಬಣ್ಣದ ಮಳೆಕೋಟನ್ನು ಹಾಕಿಕೊಂಡಳು. ತೋಳು ಮಣಿಕಟ್ಟಿನ ತನಕ ಬರುವುದಿಲ್ಲ, ಹೊಟ್ಟೆಯ ಮೇಲೆ ಗುಂಡಿ ಕೂಡುವುದಿಲ್ಲ. ಕೂಡದಿದ್ದರೆ ಬೇಡವೆಂದು ಬಿಚ್ಚಿಕೊಂಡೇ ನಡೆಯುತ್ತಾಳೆ.

ಯಾರು ಏನೇ ಅಂದರೂ "ಯಾರು ಹೇಳಿದ್ದು?" ಎಂದು ಎದುರು ಕೇಳುವುದು ಅವಳ ಚಾಳಿ. ಅಂತ್ಯಕ್ರಿಯೆಯ ದಿನ ಪಾದ್ರಿ ಅವಳ ತಲೆಯ ಮೇಲೆ ಕೈಯಿಟ್ಟು, "ಒಳ್ಳೆಯವರನ್ನ ದೇವರು ಬೇಗ ಕರೆಸ್ಕೊಳ್ತಾನೆ ತಾಯಿ" ಎಂದಾಗಲೂ ಅದನ್ನೇ ಕೇಳಿದಳು.

"ಯಾರು ಹೇಳಿದ್ದು? ಅದಕ್ಕೇ ಏನು ಫಾದರ್, ಎಂಬತ್ತಾದ್ರೂ ನಿಮಗೆ ಇನ್ನೂ ಕರೆ ಬಂದಿಲ್ಲ?"

ಶವಪೆಟ್ಟಿಗೆ ಹೊತ್ತವರಲ್ಲಿ ಒಬ್ಬ ನಗು ತಡೆಯಲಾರದೆ ಕೆಮ್ಮಿದನಂತೆ.

ಇಸ್ಕ್ರಾ ಒಳ್ಳೆಯವಳಾಗಿದ್ದಳೋ ಇಲ್ಲವೋ, ಸದ್ದಿಲ್ಲದವಳಂತೂ ಆಗಿರಲಿಲ್ಲ. ಹುಡುಗರಂತೆ ಬೆರಳಿಟ್ಟು ಸಿಳ್ಳೆ ಹಾಕುತ್ತಿದ್ದಳು. ಕೇಳಿದವರಿಗೆಲ್ಲ ಸುಳ್ಳು ಹೇಳಿ, ಕೇಳದವರಿಗೆ ನಿಜ ಹೇಳಿ ಎರಡು ಕಡೆಯೂ ಬೈಸಿಕೊಳ್ಳುತ್ತಿದ್ದಳು. ಪರರ ಹಿಪ್ಪುನೇರಳೆ ಮರದಿಂದ ಬಿದ್ದು ಎಡಹುಬ್ಬು ಎರಡಾಗಿತ್ತು. ತಾಯಿ ಮಗಳ ಜಗಳ ಬೀದಿಯ ತುದಿಗೆ ಕೇಳುತ್ತಿತ್ತು; ಜಗಳ ಮುಗಿದ ಮೇಲಿನ ನಗು ಅದಕ್ಕಿಂತ ದೂರ ಕೇಳುತ್ತಿತ್ತು.

ಈ ಸಲ ವರ್ಷದ ಹಾಳೆಯನ್ನು ಅಚ್ಚು ಹಾಕಿಸಿದವಳು ನಾದಿನಿ ಸ್ತೆಫ್ಕಾ. ಅತ್ತಿಗೆಯನ್ನು ಕೇಳಲೂ ಇಲ್ಲ, ಊರೆಲ್ಲ ಅಂಟಿಸಿಯೂ ಆಗಿತ್ತು. 'ಮೌನವಾಗಿ ಬಂದೆ, ಮೌನವಾಗಿ ನಡೆದೆ, ನಮ್ಮ ಸೌಮ್ಯ ದೇವತೆಯೇ' ಎಂಬ ಪದ್ಯ. ವೆಲಿಚ್ಕಾ ಒಂದು ಹಾಳೆಯನ್ನು ಕಿತ್ತುಕೊಂಡು ನೇರ ಅಚ್ಚಿನ ಅಂಗಡಿಗೆ ನುಗ್ಗಿದ್ದಳು.

"ಇವಳ ಹುಬ್ಬಿನ ಗಾಯ ಎಲ್ಲಿ?"

"ಕಂಪ್ಯೂಟರಲ್ಲಿ ಅಳಿಸ್ದೆ ಅಕ್ಕ. ಚೆನ್ನಾಗಿ ಕಾಣ್ಲಿ ಅಂತ."

"ಅಳಿಸೋಕೆ ನೀನ್ಯಾರು? ಡಾಕ್ಟರು ಹೊಲಿಗೆ ಹಾಕೋವಾಗ ಅವಳ ತಲೆ ಹಿಡ್ಕೊಂಡಿದ್ದೋಳು ನಾನು. ಅವಳು ಕಚ್ಚಿದ್ದೂ ನನ್ನನ್ನೇ."

"ಹೆಣ್ಣುಮಕ್ಕಳಿಗೆ ಎಲ್ರೂ ಇದೇ ಪದ್ಯ ಹಾಕ್ಸೋದು ಅಕ್ಕ."

"ಹಾಗಾದ್ರೆ ಈ ಊರಲ್ಲಿ ಇದುವರೆಗೂ ಒಬ್ಬಳೇ ಹುಡುಗಿ ಸತ್ತಿರೋದು!"

ಅಲ್ಲಿಂದ ಹೊರಬಿದ್ದವಳು ಚಾಕು ಹಿಡಿದು ಕಂಬದಿಂದ ಕಂಬಕ್ಕೆ ಬರುತ್ತಿದ್ದಾಗಲೇ, ಸುದ್ದಿ ತಿಳಿದ ಸ್ತೆಫ್ಕಾ ಏದುಸಿರು ಬಿಡುತ್ತ ಬ್ರೆಡ್ ಅಂಗಡಿಯ ಮುಂದೆ ಅವಳನ್ನು ಹಿಡಿದಳು.

"ಅತ್ತಿಗೆ, ಜನ ನೋಡ್ತಿದ್ದಾರೆ. ಸತ್ತವಳ ಮುಖ ಕೆರೀತಾರಾ?"

"ಇದು ಅವಳ ಮುಖ ಅಲ್ಲ."

"ಅವಳ ನೆನಪಿಗೇ ತಾನೇ ಹಾಕ್ಸಿದ್ದು? ನಾನೇನು ಹೊರಗಿನವಳಾ? ನಾನೂ ಎತ್ತಿ ಆಡಿಸಿದ್ದೀನಿ."

"ಆಡಿಸಿದ್ದೀಯ, ಅದಕ್ಕೇ ಹೊಟ್ಟೆ ಉರಿಯೋದು. ಅವಳು ನಿನ್ನ ಕೂದಲು ಹಿಡಿದು ಜಗ್ಗಿದ್ದು ಮರೆತ್ಯಾ? ಹೇಳು, ಮರೆತ್ಯಾ? ಇನ್ನು ನಾಲ್ಕು ವರ್ಷ ಹೋಗ್ಲಿ, ಊರಿಗೆಲ್ಲ ಈ ದೇವತೆ ಉಳೀತಾಳೆ, ನನ್ನವಳು ಹೋಗೇಬಿಡ್ತಾಳೆ. ಒಂದ್ಸಲ ಕಾಯಿಲೆ ತಗೊಂಡು ಹೋಯ್ತು. ಈಗ ನೀವು ತಗೊಂಡು ಹೋಗ್ತಿದ್ದೀರ."

ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಂದಿರಲ್ಲಿ ಇಂಥವರು ಕೆಲವರಿರುತ್ತಾರೆ. ಅವರಿಗೆ ಸಮಾಧಾನ ಹೇಳಲು ಹೋದವರು ಬೈಸಿಕೊಂಡೇ ಬರುತ್ತಾರೆ, ಅವಳಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಹೂವಿನಂಥವಳು, ಮುತ್ತಿನಂಥವಳು ಎಂಬ ಒಂದೊಂದು ಮೆಚ್ಚುಗೆಯ ಮಾತೂ ಆ ಮಗುವಿನ ಮೇಲೆ ಇನ್ನೊಂದು ಹಿಡಿ ಮಣ್ಣು ಹಾಕುತ್ತದೆಂಬುದು ಹೊರಗಿನವರಿಗೆ ಕಾಣುವುದಿಲ್ಲ. ಅಗೆದು ತೆಗೆಯುವ ಕೆಲಸ ತಾಯಿಯೊಬ್ಬಳದೇ ಆಗುತ್ತದೆ. ಅದನ್ನು ಸಿಟ್ಟಿಲ್ಲದೆ ಮಾಡಲಾಗದು.

ಅಷ್ಟರಲ್ಲಿ ಬ್ರೆಡ್ ಸಾಲಿನಿಂದ ಮುದುಕ ಗ್ರೂಯೊ, ಊರುಗೋಲಿನಿಂದ ನೆಲ ಕುಟ್ಟಿ, ಗೊಣಗಿದ: "ಸೌಮ್ಯ ಅಂತೆ, ಸೌಮ್ಯ! ನನ್ನ ಕ್ರಿಸ್‌ಮಸ್ ಹಂದೀನ ಕಾಡಿಗೆ ಓಡಿಸಿದ್ಲು ಆ ಪೋರಿ. ಹಬ್ಬದ ದಿನ ಬರೀ ಕಾಳು ಬೇಯಿಸ್ಕೊಂಡು ತಿಂದೆ. ಸತ್ತರೇನು, ನಾನಂತೂ ಕ್ಷಮಿಸಿಲ್ಲ."

"ತಾತ, ಬಾಯಿ ಮುಚ್ಚಿ!" ಎಂದಳು ಸ್ತೆಫ್ಕಾ.

ವೆಲಿಚ್ಕಾ ಮುದುಕನ ಕಡೆ ತಿರುಗಿದಳು. ಈ ಕಥೆ ಅವಳಿಗೆ ಗೊತ್ತಿರಲಿಲ್ಲ.

"ಯಾವಾಗ ತಾತ?"

"ಅವಳಿಗೆ ಹನ್ನೊಂದೋ ಹನ್ನೆರಡೋ. ಮಾರನೇ ದಿನ ಕಡೀಬೇಕಿತ್ತು. ದೊಡ್ಡಿ ಬಾಗಿಲು ತೆಗೆದಿದ್ದಾಳೆ! ನಾನು ಹೋಗಿ ಕೇಳಿದ್ರೆ ಏನಂದ್ಲು ಗೊತ್ತಾ? 'ಅದೇ ಹೊರಟಿತ್ತು ತಾತ, ನಾನು ದಾರಿ ಬಿಟ್ಟೆ ಅಷ್ಟೇ' ಅಂದ್ಲು. ನನ್ನ ಮುಖಕ್ಕೇ!"

"ಸೊಂಟದ ಮೇಲೆ ಕೈ ಇಟ್ಕೊಂಡಿದ್ಲಾ?"

"ಎರಡೂ ಕೈ!"

"ಅತ್ತಿಗೆ, ಸಂಜೆ ಚರ್ಚಲ್ಲಿ ಅವಳ ಹೆಸರಲ್ಲಿ ಬೇಯಿಸಿದ ಗೋಧಿ ಹಂಚಬೇಕು, ನಾನು ಮಾತಾಡ್ತಾ ಇದ್ದೀನಿ, ಇತ್ತ ಕಡೆ—"

ಆದರೆ ವೆಲಿಚ್ಕಾ ಆಗಲೇ ಮುದುಕನ ರಟ್ಟೆ ಹಿಡಿದು ಸಾಲಿನಿಂದ ಹೊರಗೆಳೆದು, "ಆ ದೊಡ್ಡಿ ಇನ್ನೂ ಇದ್ಯಾ? ಬನ್ನಿ, ತೋರ್ಸಿ" ಎನ್ನುತ್ತ ಏರುದಾರಿ ಹಿಡಿದಿದ್ದಳು.