ಎರಡು ಫ್ಲಾಸ್ಕು, ಒಂದು ಬಾಟಲಿ

ನಲ್ಲಿಯ ತುದಿಯಲ್ಲಿ ಹನಿ ಕೂಡುತ್ತಿದೆ, ಬೀಳುವುದಿಲ್ಲ, ಉಬ್ಬುತ್ತದೆ, ಕಿಟಕಿಯ ಬೆಳಕನ್ನೆಲ್ಲ ತಲೆಕೆಳಗಾಗಿ ಹಿಡಿದುಕೊಂಡು ತೂಗುತ್ತದೆ, ಈಗ ಬಿತ್ತು — ಮಗಳ ನೀರಿನ ಬಾಟಲಿಯೊಳಗೇ, ಆಗಲೇ ತೊಳೆದಿಟ್ಟಿದ್ದೆ, ಇರಲಿ, ಬಾಟಲಿಯನ್ನು ಇನ್ನೊಮ್ಮೆ ತೊಳೆದರಾಯಿತು, ಎರಡು ವರ್ಷವನ್ನು ತೊಳೆಯುವುದು ಹೇಗೆ. ಗಂಟೆ ಹತ್ತೂಕಾಲು. ಹನ್ನೆರಡಕ್ಕೆ ಅರ್ಜಿ ಮುಚ್ಚುತ್ತದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇದೆ, ಕ್ಯಾನ್ಸರ್ ಸಂಶೋಧಕರಿಗೆ ಒಂದು ವರ್ಷದ ತರಬೇತಿ ಮತ್ತು ಬೆಂಬಲ, ಹನ್ನೊಂದು ಪ್ರಶ್ನೆಗಳಲ್ಲಿ ಒಂಬತ್ತನೆಯದು ಮಾತ್ರ ಖಾಲಿ, ನಿಮ್ಮ ಕೆಲಸದಲ್ಲಿ ಎದುರಾದ ಅತಿ ದೊಡ್ಡ ತೊಡಕು ಯಾವುದು, ಬಾಣಂತನ ಎಂದು ಬರೆದು ಅಳಿಸಿದೆ, ಸಮಯ ಎಂದು ಬರೆದು ಅಳಿಸಿದೆ, ಎರಡೂ ಸುಳ್ಳಲ್ಲ, ಆದರೆ ಕೇಳಿದ್ದಕ್ಕೆ ಉತ್ತರವೂ ಅಲ್ಲ. ಈ ಜಾಗ ಸಿಗದಿದ್ದರೆ ತಿಂಗಳ ಕೊನೆಗೆ ಲ್ಯಾಬಿನ ನನ್ನ ಮೇಜು ಇನ್ನೊಬ್ಬರಿಗೆ, ಗೈಡ್ ಸರ್ ಸಂಕೋಚದಿಂದಲೇ ಹೇಳಿದ್ದರು, ನನ್ನ ಕೈಯಲ್ಲಿ ಏನೂ ಇಲ್ಲಮ್ಮ. ಪಾಪ, ಅವರಿಗಿನ್ನೂ ಗೊತ್ತಿಲ್ಲ. ಒಗೆದ ಬಟ್ಟೆ ಬಕೆಟ್ಟಿನಲ್ಲೇ ಇದೆ, ಹಿಂಡಬೇಕು, ಹರವಬೇಕು, ಒಳಗೆ ಮಗಳು ಕೆಮ್ಮಿದಳು, ನೆಗಡಿ ಎಂದು ಡೇಕೇರಿಗೆ ಕಳಿಸಲಿಲ್ಲ, ಹನ್ನೊಂದಕ್ಕೆ ಐದು ಹನಿ ಔಷಧಿ, ಮರೆಯಬಾರದು.

ಎರಡು ವರ್ಷದ ಹಿಂದಿನ ಮಂಗಳವಾರ ಅದು, ಮಗಳಿಗೆ ಆಗ ಹತ್ತು ತಿಂಗಳು, ಲ್ಯಾಬಿನಲ್ಲಿ ಹುಡ್‌ನ, ಅಂದರೆ ಸೋಸಿದ ಗಾಳಿಯ ಪೆಟ್ಟಿಗೆಯ, ಗಾಜಿನ ಹಿಂದೆ ನನ್ನ ಎರಡು ಕೈ, ಎದುರಿಗೆ ಎರಡು ಫ್ಲಾಸ್ಕು, ಒಂದರಲ್ಲಿ ನನ್ನ ಜೀವಕೋಶಗಳು, ಯಾವುದೋ ತಾಯಿಯ ಅಂಡಾಶಯದ ಗಡ್ಡೆಯಿಂದ ಬಂದವು, ನಿಧಾನ ಅಂದರೆ ನಿಧಾನ, ಕೂಗಿದರೂ ಏಳದ ಮಕ್ಕಳ ಹಾಗೆ, ಇನ್ನೊಂದರಲ್ಲಿ ರಜೆ ಹಾಕಿದ್ದ ಪಕ್ಕದ ಮೇಜಿನ ಗೆಳತಿಯವು, ಸೋಮವಾರ ಹಾಕಿದರೆ ಬುಧವಾರಕ್ಕೆ ಫ್ಲಾಸ್ಕು ತುಂಬುವ ಪುಂಡ ಕೋಶಗಳು, ನೀನೇ ಸ್ವಲ್ಪ ಊಟ ಹಾಕ್ತಿರು ಎಂದು ಹೇಳಿ ಹೋಗಿದ್ದಳು. ಒಂದೊಂದು ಜಾತಿಯ ಕೋಶಕ್ಕೂ ಅದರದೇ ಊಟದ ಬಾಟಲಿ, ಒಂದು ಹನಿಯಲ್ಲಿ ಒಂದು ಕೋಶ ದಾಟಿದರೂ ಸಾಕು ಕೆಡಲು, ಅದು ಮೊದಲ ಪಾಠ, ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ. ಅಷ್ಟರಲ್ಲಿ ಫೋನು, ಡೇಕೇರಿನವರು, ಮಗುಗೆ ಜ್ವರ ಜಾಸ್ತಿ ಆಗಿದೆ ಮೇಡಂ, ಬೇಗ ಬನ್ನಿ — ಎರಡನೆಯ ಬಾಟಲಿ ತೆರೆಯಲು ಎಷ್ಟು ಹೊತ್ತು, ಅರ್ಧ ನಿಮಿಷ, ಅರ್ಧ ನಿಮಿಷ ಇರಲಿಲ್ಲ ನನ್ನ ಹತ್ತಿರ, ಅವಳ ಫ್ಲಾಸ್ಕಿಗೆ ಬಿಟ್ಟ ಪಿಪೆಟ್ಟನ್ನೇ ನನ್ನ ಬಾಟಲಿಯ ಬಾಯಿಗೆ ತಂದೆ, ತುದಿಯಲ್ಲಿ ಒಂದು ಹನಿ, ಗುಲಾಬಿ ಬಣ್ಣದ್ದು, ತೂಗುತ್ತಿತ್ತು. ಬಿತ್ತೇ? ನೋಡಿದೆನೇ, ನೋಡಿದೆ ಎಂದು ಈಗ ಅನ್ನಿಸುತ್ತಿದೆಯೇ?

ಆಮೇಲೆ ನನ್ನ ಕೋಶಗಳು ಚುರುಕಾದವು. ಎಲ್ಲರಿಗೂ ಖುಷಿ. ಗೈಡ್ ಸರ್ ಅಂದರು, ನಿನ್ನ ಕೈಗುಣ ಕಣಮ್ಮ, ಬೇರೆಯವರ ಕೈಲಿ ಸಾಯ್ತಿದ್ವು. ಎರಡು ವರ್ಷ ಅವಕ್ಕೆ ಉಣಿಸಿದೆ, ಅವುಗಳ ಫಲಿತಾಂಶವನ್ನು ಸಮ್ಮೇಳನದಲ್ಲಿ ತೋರಿಸಿದೆ, ಭಾನುವಾರವೂ ಹೋದೆ, ಅತ್ತೆ ಬಾಗಿಲಲ್ಲಿ ಮಗಳನ್ನು ಎತ್ತಿಕೊಂಡು ಕೇಳುತ್ತಿದ್ದರು, ಆ ಮಕ್ಕಳದು ಊಟ ಆಯ್ತಾ, ಈ ಮಗೂದು ಯಾವಾಗ? ಹೋದ ಗುರುವಾರ ಕೋಶಗಳ ಗುರುತಿನ ಪರೀಕ್ಷೆಯ ಫಲಿತಾಂಶ ಬಂತು, ನಾನು ಸಾಕುತ್ತಿದ್ದುದು ಆ ಪುಂಡ ಕೋಶಗಳನ್ನು, ನನ್ನವು ಯಾವಾಗಲೋ ಅವುಗಳ ಕಾಲಡಿ ಸಿಕ್ಕಿ ಹೋಗಿದ್ದವು. ಎಲ್ಲ ನೀರಲ್ಲಿ ಹೋಮ. ಅತ್ತೆಗೆ ಹೇಳಿದೆ, ಇನ್ಯಾರಿಗೆ ಹೇಳಲಿ, ಅವರು ಸೀರೆ ಮಡಿಸುತ್ತಾ, ಕಾಗೆ ಕೋಗಿಲೆ ಮರಿ ಸಾಕಿದ ಹಾಗಾಯ್ತಲ್ಲೇ ಅಂದರು, ಆಮೇಲೆ ಸೀರೆಯ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು, ಸಾಕಿದ್ದಂತೂ ಚೆನ್ನಾಗೇ ಸಾಕಿದೆ ಬಿಡು.

ಪರೀಕ್ಷೆಗೆ ಕಳಿಸಿದ್ದಾದರೂ, ನಾವೆಲ್ಲ ಪಿಪೆಟ್ ಅಜ್ಜಿ ಎನ್ನುವ ಹಿರಿಯ ವಿಜ್ಞಾನಿಯ ಹಟದಿಂದ. ಕೋಶ ಬೆಳೆಸುವವರಿಗೆಂದು ಹೋದ ತಿಂಗಳ ಮೂರು ದಿನದ ಶಿಬಿರ ಅವರದು, ನಿವೃತ್ತರಾಗಿ ಆರು ವರ್ಷ, ಕೈ ಇವತ್ತಿಗೂ ನಡುಗುವುದಿಲ್ಲ, ಎಲ್ಲರೂ ನಿಮ್ಮ ನಿಮ್ಮ ಕೋಶ ಪರೀಕ್ಷೆಗೆ ಕಳಿಸಿ, ನನ್ನದು ಸರಿ ಇದೆ ಅನ್ನೋರು ಮೊದಲು ಕಳಿಸಿ, ಅಂದಿದ್ದರು. ಮೊದಲ ದಿನ ಒಬ್ಬೊಬ್ಬರ ಮುಂದೆಯೂ ಎರಡು ಫ್ಲಾಸ್ಕು, ಒಂದು ಬಾಟಲಿ, ಎಲ್ಲದರಲ್ಲೂ ಬರೀ ನೀರು, ಬಾಟಲಿಯಿಂದ ಪಿಪೆಟ್ಟಿನಲ್ಲಿ ಎರಡೂ ಫ್ಲಾಸ್ಕು ತುಂಬಿ ನೋಡೋಣ ಅಂದರು, ಹನ್ನೊಂದು ಜನ ತುಂಬಿದೆವು, ಹಿರಿಯ ಪ್ರಾಧ್ಯಾಪಕರೊಬ್ಬರು ಇದೇನು ಮಕ್ಕಳಾಟ ಎಂದು ಗೊಣಗಿದರು. ಆಮೇಲೆ ಪರದೆ ಎಳೆದು ನೇರಳೆ ದೀಪ ಹಚ್ಚಿದರು. ಪ್ರತಿ ಜೋಡಿಯ ಒಂದು ಫ್ಲಾಸ್ಕಿನ ನೀರಿಗೆ ಅಜ್ಜಿ ಮೊದಲೇ ಏನೋ ಬೆರೆಸಿದ್ದರು, ಆ ದೀಪಕ್ಕೆ ಮಾತ್ರ ಹೊಳೆಯುವಂಥದ್ದು, ಬಾಟಲಿಯ ಬಾಯಲ್ಲಿ ಹೊಳಪು, ತೋಳಿನಲ್ಲಿ ಹೊಳಪು, ಪ್ರಾಧ್ಯಾಪಕರ ಮೂಗಿನ ತುದಿಯಲ್ಲಿ ಒಂದು ಚುಕ್ಕೆ, ಮೊದಲು ಯಾರೂ ನಗಲಿಲ್ಲ, ಅವರೇ ಕನ್ನಡಿ ಕೇಳಿದ ಮೇಲೆ ಎಲ್ಲರೂ. ಹನ್ನೊಂದರಲ್ಲಿ ಒಂಬತ್ತು ಬಾಟಲಿಗಳು ಹೊಳೆದವು. ಗುರುವಾರ ಅಳುತ್ತಾ ಫೋನು ಮಾಡಿದಾಗ ಅಜ್ಜಿ ಪೂರ್ತಿ ಕೇಳಿಸಿಕೊಂಡರು, ಎಷ್ಟು ಹೋಯ್ತು, ಎರಡು ವರ್ಷವಾ, ನಂದು ನಾಲ್ಕು ಹೋಗಿತ್ತಮ್ಮ, ನಾನು ಯಾರಿಗೂ ಹೇಳಲಿಲ್ಲ, ಅದೇ ಕೋಶದಲ್ಲಿ ಇನ್ನಿಬ್ಬರು ಮೂರು ಮೂರು ವರ್ಷ ಕೆಲಸ ಮಾಡಿದ್ರು, ನಾಲ್ಕು ವರ್ಷ ಮರೆತುಹೋಯ್ತು, ಆ ಆರು ವರ್ಷ ಮರೆತಿಲ್ಲ. ಮತ್ತೆ ಕೇಳಿದರು, ಆ ಮಂಗಳವಾರಕ್ಕೆ ಮುಂಚೆ ಕೋಶ ಏನಾದ್ರೂ ಹೆಪ್ಪುಗಟ್ಟಿಸಿ ಇಟ್ಟಿದ್ಯಾ?

ಇಟ್ಟಿದ್ದೆ. ಮೂರು ಟ್ಯೂಬು, ಬಸುರಿಯಾಗಿದ್ದಾಗ ಇಟ್ಟದ್ದು, ಕೋಶಗಳನ್ನು ಕಾಪಿಡುವ ದ್ರವ ಸಾರಜನಕದ ತೊಟ್ಟಿಯ ತಳದಲ್ಲಿ, ಮುಚ್ಚಳದ ಮೇಲೆ ನನ್ನದೇ ಸೊಟ್ಟ ಅಕ್ಷರ. ಒಂದನ್ನು ಪರೀಕ್ಷೆಗೆ ಕೊಟ್ಟೆ, ನಿನ್ನೆ ಸಂಜೆ ಉತ್ತರ ಬಂತು, ಅವು ಅವೇ. ನನ್ನವೇ. ಇನ್ನೆರಡು ಉಳಿದಿವೆ, ಎರಡು ಸಾಕು, ಒಂದು ಎದ್ದರೂ ಸಾಕು, ನಿಧಾನವಾಗಿ ಬೆಳೆಯಲಿ, ಅವಸರ ಮಾಡುವುದಿಲ್ಲ. ಒದ್ದೆ ಕೈ ಸೀರೆಗೆ ಒರೆಸಿಕೊಂಡು ಕೂತೆ, ಮೊದಲು ಗೈಡ್ ಸರ್‌ಗೆ ಮೇಲ್, ಸರ್, ನನ್ನಿಂದ ಒಂದು ತಪ್ಪಾಗಿದೆ, ಸಮ್ಮೇಳನದಲ್ಲಿ ತೋರಿಸಿದ್ದು ಹಿಂದೆ ತಗೊಬೇಕು, ಎಲ್ಲಾ ಇದರಲ್ಲಿ ಬರೆದಿದೀನಿ, ಕಳಿಸಿದೆ, ಆಮೇಲೆ ಒಂಬತ್ತನೆಯ ಪ್ರಶ್ನೆಯಲ್ಲಿ ಒಂದು ಮಂಗಳವಾರ ಎಂದು ಶುರು ಮಾಡಿದೆ, ಬೆರಳು ನಿಲ್ಲಲೇ ಇಲ್ಲ, ಕೊನೆಗೆ, ಹೊಸಬರಿಗೆ ಇದನ್ನು ಕಲಿಸಲು ನನಗೆ ಅವಕಾಶ ಕೊಡಿ. ಸಲ್ಲಿಸಿದೆ. ಎದೆಯೊಳಗಿನ ಕಲ್ಲು ಪೂರ್ತಿ ಇಳಿದಿಲ್ಲ, ಜಾಗ ಬದಲಿಸಿದೆ, ಉಸಿರಾಡಬಹುದು. ಹನ್ನೊಂದಾಯಿತು. ಬಾ ಕಂದ, ಆ ಅನ್ನು, ಮಗಳು ನನ್ನ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದಾಳೆ, ಅಮ್ಮ, ಕಹಿನಾ, ಸ್ವಲ್ಪ ಕಹಿ ಪುಟ್ಟಿ, ಒಂದು, ಎರಡು, ಮೂರು, ನಾಲ್ಕು — ಮೇಜಿನ ಮೇಲೆ ಫೋನು ಅದುರುತ್ತಿದೆ, ಗೈಡ್ ಸರ್ ಹೆಸರು, ಅದುರಲಿ, ಅರ್ಧ ನಿಮಿಷ ಇದೆ ನನ್ನ ಹತ್ತಿರ, ಇವತ್ತು ಇದೆ, ಕೈ ನಡುಗುತ್ತಿಲ್ಲ, ಡ್ರಾಪರಿನ ತುದಿಯಲ್ಲಿ ಐದನೆಯ ಹನಿ, ಉಬ್ಬುತ್ತಿದೆ, ಕಿಟಕಿಯೆಲ್ಲ ಅದರೊಳಗೆ, ತೂಗುತ್ತಿದೆ, ಎಲ್ಲಿ ಬೀಳುತ್ತದೆಂದು ನೋಡುತ್ತಿದ್ದೇನೆ, ಹನಿ