ವಿಯೆನ್ನಾದ ಎಂಟನೇ ನಕ್ಷೆ

ಲಾಯ್ಡ್ ವಿಯೆನ್ನಾ ನೋಡಿದವನಲ್ಲ. ಆದರೂ ೨೦೦೭ರ ಬೇಸಿಗೆಯಲ್ಲಿ ಆ ನಗರ ಬೆಳೆದ ಬಗೆಯನ್ನು ಏಳು ನಕ್ಷೆಗಳಲ್ಲಿ ಬಿಡಿಸುವ ಕೆಲಸ ಅವನ ಪಾಲಿಗೆ ಬಂತು. ಶಿರ್ವದಿಂದ ದೋಹಾಕ್ಕೆ ಬಂದು ಒಂಬತ್ತು ವರ್ಷದಿಂದ ಅವನೊಂದು ಕನ್ಸಲ್ಟೆನ್ಸಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ಹೊಸ ಬಡಾವಣೆ ಕಟ್ಟಲು ಹೊರಟ ಅಲ್ಲಿನ ಅರಬ್ ಶೇಖ್ ಒಬ್ಬರಿಗೆ, ದೊಡ್ಡ ನಗರಗಳು ಹೇಗೆ ಹುಟ್ಟಿದವು ಎಂದು ತೋರಿಸುವ ಚಂದದ ಪುಸ್ತಕವೊಂದು ಬೇಕಾಗಿತ್ತು.

ಕೆಲಸ ಅವನನ್ನು ಹಿಡಿದುಕೊಂಡಿತು. ಡ್ಯಾನ್ಯೂಬ್ ದಂಡೆಯ ರೋಮನ್ ಸೈನ್ಯದ ಬಿಡಾರ, ಅದರ ಮೇಲೆ ಎದ್ದ ಪೇಟೆ, ತುರ್ಕರ ಮುತ್ತಿಗೆಯನ್ನು ಎರಡು ಸಲ ತಡೆದ ಕೋಟೆ. ೧೮೫೭ರಲ್ಲಿ ಚಕ್ರವರ್ತಿ ಆ ಕೋಟೆಯನ್ನೇ ಕೆಡವಿಸಿ, ಅದರ ಜಾಗದಲ್ಲಿ ಉಂಗುರದಂಥ ರಾಜಬೀದಿ ಮಾಡಿಸಿದ. ಅರಮನೆಗಳು, ನಾಟಕಶಾಲೆ, ವಿಶ್ವವಿದ್ಯಾಲಯ ಎಲ್ಲವೂ ಅದರ ಅಂಚಿಗೆ ಬಂದು ನಿಂತವು.

ಶುಕ್ರವಾರಗಳಲ್ಲಿ ಈ ಕಥೆಯನ್ನೆಲ್ಲ ಅವನು ತನಿಯನಿಗೆ ಹೇಳುತ್ತಿದ್ದ. ತನಿಯ ಊರಿನ ಶಾಲೆಯಲ್ಲಿ ಅವನ ಜೊತೆ ಓದಿದವನು, ಈಗ ಕಟ್ಟಡಗಳಲ್ಲಿ ಕಬ್ಬಿಣ ಕಟ್ಟುವ ಕೆಲಸ. ಅವನಿದ್ದ ಕಾರ್ಮಿಕರ ಕ್ಯಾಂಪಿನಿಂದ ಲಾಯ್ಡ್‌ನ ಅಲ್ ಗರಾಫಾದ ಮನೆಗೆ ಹದಿನೈದು ನಿಮಿಷದ ನಡಿಗೆ. ಲಾಯ್ಡ್‌ನ ಹೆಂಡತಿ ಫ್ಲೋರಿನ್ ಮೀನುಸಾರು ಬಡಿಸುತ್ತಿದ್ದಳು, ತನಿಯ ನೆಲದ ಮೇಲೆ ಹರಡಿದ ನಕ್ಷೆಗಳನ್ನು ನೋಡುತ್ತ ಉಣ್ಣುತ್ತಿದ್ದ.

ಒಂದು ದಿನ ತನಿಯ ಕೇಳಿದ: "ಇಷ್ಟೆಲ್ಲ ಕಟ್ಟಿದವರು ಮಲಗ್ತಾ ಇದ್ದದ್ದು ಎಲ್ಲಿ ಮಾರಾಯ?"

ಲಾಯ್ಡ್‌ನಿಗೆ ಗೊತ್ತಿರಲಿಲ್ಲ. ಹುಡುಕಿದ. ನಗರದ ದಕ್ಷಿಣಕ್ಕೆ ಮಣ್ಣಿನ ಗುಡ್ಡ, ಅಲ್ಲಿ ಇಟ್ಟಿಗೆಗೂಡುಗಳು. ಬೊಹೀಮಿಯಾ, ಮೊರಾವಿಯಾದಿಂದ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದರು. ಒಂದೇ ಕೋಣೆಯಲ್ಲಿ ಹತ್ತು ಸಂಸಾರಗಳವರೆಗೆ. ಮದುವೆಯಾಗದವರು ಹಳೆಯ ಇಟ್ಟಿಗೆಗೂಡಿನೊಳಗೇ ಮಲಗುತ್ತಿದ್ದರು. ಲಾಯ್ಡ್ ಅದನ್ನೆಲ್ಲ ಗುರುತಿಸಿ ಎಂಟನೇ ನಕ್ಷೆ ಬಿಡಿಸಿದ. ಒಂಬತ್ತು ವರ್ಷದಲ್ಲಿ ಯಾರೂ ಹೇಳದೆ ಅವನು ಎಳೆದ ಮೊದಲ ಗೆರೆಗಳು ಅವು.

ಮ್ಯಾನೇಜರ್ ನಾರಾಯಣಸ್ವಾಮಿ ಬೆಂಗಳೂರಿನವರು, ಕೆಟ್ಟವರೇನಲ್ಲ. ನಕ್ಷೆಯನ್ನು ತುಂಬ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಪ್ಪ. ಆದ್ರೆ ಕ್ಲೈಂಟ್‌ಗೆ ಇದು ಬೇಡ. ತೆಗೆದುಬಿಡು."

"ಸರಿ ಸರ್."

"ಇನ್ನೊಂದು. ಬಡಾವಣೆಯ ಸೈಟ್ ಪ್ಲಾನ್‌ನಲ್ಲಿ ಇರೋ ಈ ಲೇಬರ್ ಕ್ಯಾಂಪ್‌ಗಳನ್ನ ಸೆಪ್ಟೆಂಬರ್‌ಗೆ ಎತ್ತಿಸ್ತಾರೆ. ಮೂರನ್ನೂ ಅಳಿಸು. ಇದು ಆಫೀಸಿನ ಹೊರಗೆ ಹೋಗಬಾರದು."

ಲಾಯ್ಡ್ ಆ ಮೂರು ಚೌಕಗಳನ್ನು ನೋಡಿದ. ನಡುವಿನದು ತನಿಯನ ಕ್ಯಾಂಪು. ಆಗ ಜೂನ್ ತಿಂಗಳು. ಎಂಟನೇ ನಕ್ಷೆಯನ್ನು ಪುಸ್ತಕದಿಂದ ತೆಗೆದ, ಮೂರು ಚೌಕಗಳನ್ನೂ ಅಳಿಸಿದ. ಎರಡಕ್ಕೂ ಸೇರಿ ಕಾಲು ಗಂಟೆ ಹಿಡಿಯಲಿಲ್ಲ.

ಆ ಶುಕ್ರವಾರ ತನಿಯ ಬಂದ, ಮುಂದಿನ ವಾರವೂ ಬಂದ. ಲಾಯ್ಡ್ ವಿಯೆನ್ನಾದ ಕಥೆ ಮುಂದುವರಿಸಿದ. ಹೊರಗಿನ ಊರುಗಳನ್ನೆಲ್ಲ ನಗರ ನುಂಗಿದ್ದು, ೧೯೧೦ರ ಹೊತ್ತಿಗೆ ಜನಸಂಖ್ಯೆ ಇಪ್ಪತ್ತು ಲಕ್ಷ ದಾಟಿದ್ದು. ನಡುನಡುವೆ ಕ್ಯಾಂಪಿನ ಸುದ್ದಿ ಹೇಳಿಬಿಡಬೇಕು ಎನಿಸುತ್ತಿತ್ತು. ಆಗೆಲ್ಲ ಅವನು ಮತ್ತೊಂದು ಇಸವಿ ಹೇಳುತ್ತಿದ್ದ.

ಸೆಪ್ಟೆಂಬರಿನಲ್ಲಿ ಎರಡು ದಿನದ ನೋಟಿಸ್ ಕೊಟ್ಟು ಕ್ಯಾಂಪ್ ಖಾಲಿ ಮಾಡಿಸಿದರು. ತನಿಯ ಮತ್ತು ಜೊತೆಯವರನ್ನು ಅಲ್ ಖೋರ್ ಪಟ್ಟಣ ದಾಟಿ ಮರುಭೂಮಿಯಲ್ಲಿದ್ದ ಇನ್ನೊಂದು ಕ್ಯಾಂಪಿಗೆ ಹಾಕಿದರು. ಕೆಲಸ ಮಾತ್ರ ದೋಹಾದಲ್ಲೇ. ಬಸ್ಸಿನಲ್ಲಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ.

ಲಾಯ್ಡ್ ಕಾರು ಮಾಡಿಕೊಂಡು ಹೋದ. ಗೇಟಿನ ಹೊರಗೆ ಬಿಸಿಲಿನಲ್ಲೇ ನಿಂತು ಮಾತಾಡಿದರು.

"ಕಂಬದ ಮೇಲೆ ನಿಮ್ಮ ಕಂಪನಿಯ ಬೋರ್ಡ್ ಹಾಕಿದ್ದಾರೆ, ನಮ್ಮ ಹಳೇ ಕ್ಯಾಂಪಿನಲ್ಲಿ," ಎಂದ ತನಿಯ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಜೂನ್‌ನಿಂದ. ಹೇಳಿದ್ರೆ ನನ್ನ ಕೆಲಸ ಖಲಾಸ್ ತನಿಯ."

"ನಾನು ಯಾರಿಗೆ ಹೇಳ್ತಿದ್ದೆ? ಗರಾಫಾದಲ್ಲೇ ಯಾರದಾದ್ರೂ ರೂಮಿನಲ್ಲಿ ಬಾಡಿಗೆಗೆ ಒಂದು ಬೆಡ್‌ಸ್ಪೇಸ್ ಹಿಡೀತಿದ್ದೆ, ಅಷ್ಟೇ. ಆಗ ಖಾಲಿ ಇತ್ತು." ಅವನು ದನಿ ಏರಿಸಲಿಲ್ಲ. "ಮೂರು ತಿಂಗಳು ಎದುರು ಕೂತು ಆ ಊರಿನ ಕಥೆ ಹೇಳಿದೆಯಲ್ಲ ಮಾರಾಯ."

ಫ್ಲೋರಿನ್ ಕಳಿಸಿದ ಸಾರಿನ ಡಬ್ಬಿಯನ್ನು ಲಾಯ್ಡ್ ಮುಂದೆ ಚಾಚಿದ. ತನಿಯ ತೆಗೆದುಕೊಳ್ಳಲಿಲ್ಲ. ಬಟ್ಟೆ ಒಗೆಯುವುದಿದೆ ಎಂದು ಹೇಳಿ ಒಳಗೆ ಹೋದ.

ಮುಂದಿನ ಶುಕ್ರವಾರ ಊಟದ ಹೊತ್ತಿಗೆ ಫ್ಲೋರಿನ್ ತನಿಯನನ್ನು ವಿಚಾರಿಸಿದಳು.

"ದೂರ ಆಯ್ತಲ್ಲ, ಬಸ್ಸು ಸಿಗೋದಿಲ್ಲ," ಎಂದ ಲಾಯ್ಡ್. ಅವಳು ಅದನ್ನು ನಂಬಿದಳು.